ಕತ್ತೆಬೆನ್ನು ತಿರುವಿನ ಆಕ್ಸಲ್

ಬಾಗಿಲು ಮುಂದೆ ಮಾಡಿ. ಕಮಾನ್ಚಾಕ ಇಳೀತಾ ಇದೆ, ಈ ಕಡಲ ಮಂಜು ಒಳಗೆ ನುಗ್ಗಿದ್ರೆ ಟೀ ಆರಿಹೋಗುತ್ತೆ... ಹಾಂ, ಸಾಕು. ಈಗ ಕೂತ್ಕೊಳ್ಳಿ.

ಇದು ನನ್ನ ದೊಡ್ಡಮ್ಮನ ಮಗ ಬೆಲಿಸಾರಿಯೊಗೆ ಆಗಿದ್ದು. ನನಗೆ ಅಣ್ಣ ಆಗ್ಬೇಕು. ಅವನೇ ಬಾಯಿಬಿಟ್ಟು ಹೇಳಿದ್ದು. ಯಾಕೆ ಹೇಳ್ಕೊಂಡ ಅನ್ನೋದು ಆಮೇಲೆ ಬರುತ್ತೆ.

ಆವತ್ತು ರಾತ್ರಿ ಹನ್ನೊಂದು ದಾಟಿತ್ತು. ಅಣ್ಣ ಕಡಲ ಕಡೆಯಿಂದ ಊರಿಗೆ ನಡ್ಕೊಂಡು ಬರ್ತಿದ್ದ. ಒಬ್ಬನೇ. ಅವನ ಹಳೇ ವ್ಯಾನು ಹಿಂದೆ ಒಂದು ಒಣಹಳ್ಳದಲ್ಲಿ ಕೂತುಬಿಟ್ಟಿತ್ತು. ಹಳ್ಳಕ್ಕೆ ಇಳಿಯೋವಾಗ ಠಣ್ ಅಂತು, ಆಮೇಲೆ ಗರ್ರ್... ಅಂತು, ಹಿಂದಿನ ಚಕ್ರ ಕುಡಿದವನ ಕಾಲಿನ ಹಾಗೆ ಓರೆಯಾಯ್ತು. ಇಳಿದು ಟಾರ್ಚ್ ಬಿಟ್ಟು ನೋಡಿದ್ರೆ ಹಿಂದಿನ ಎರಡು ಚಕ್ರ ಸೇರಿಸೋ ಆಕ್ಸಲ್ಲೇ ಸೀಳಿದೆ. ಎಣ್ಣೆ ಮರಳಿಗೆ ಬೀಳ್ತಿದೆ. ತೊಟ್... ತೊಟ್... ತೊಟ್...

ಊರಿಗೆ ಒಂಬತ್ತು ಕಿಲೋಮೀಟರು. ಅರ್ಧದಾರೀಲಿ ಕತ್ತೆಬೆನ್ನು ತಿರುವು. ಆ ತಿರುವಲ್ಲಿ ಎವಾರಿಸ್ತೊನ ಗುಡಿ.

ಎವಾರಿಸ್ತೊ ಅಂದ್ರೆ ಒದಿಲಿಯಾ ಅಮ್ಮನ ಒಬ್ಬನೇ ಮಗ. ಅದಕ್ಕೆ ಹತ್ತೊಂಬತ್ತು ವರ್ಷ ಮುಂಚೆ ಆ ತಿರುವಲ್ಲಿ ಕತ್ತೆ ಅಡ್ಡ ಬಂತು ಅಂತ ಸ್ಟೇರಿಂಗ್ ತಿರುಗಿಸಿ, ವ್ಯಾನು ಪಲ್ಟಿಯಾಗಿ ಸತ್ತ. ಇಪ್ಪತ್ತಾರು ವಯಸ್ಸು. ರಸ್ತೇಲಿ ಸತ್ತವರಿಗೆ ಸತ್ತ ಜಾಗದಲ್ಲೇ ನಾವು ಪುಟ್ಟ ಗುಡಿ ಕಟ್ತೀವಿ. ಅವನಿಗೆ ಬೇರೆ ಗುಡಿ ಯಾಕೆ ಅಂತ, ಮಾಡು ಜಜ್ಜಿದ್ದ ಅವನ ವ್ಯಾನನ್ನೇ ನೆಟ್ಟಗೆ ನಿಲ್ಲಿಸಿ ಬಿಳಿ ಬಣ್ಣ ಬಳಿದು ಬಿಟ್ರು. ಸುತ್ತ ಪ್ಲಾಸ್ಟಿಕ್ ಹೂವು, ನೀರಿನ ಬಾಟ್ಲಿ, ಡಬ್ಬಿ ಒಳಗೆ ಮೇಣದಬತ್ತಿ. ಮಕ್ಕಳು ಆಡೋ ಗಿರಗಟ್ಟಲೆಗಳು ಒಂದಿಪ್ಪತ್ತು. ಗಾಳಿಗೆ ಟಿರ್ರ್ ಟಿರ್ರ್ ಅಂತ ತಿರುಗ್ತಾನೇ ಇರ್ತವೆ. ಗಾಡಿಯವರು ಅಲ್ಲಿ ಎರಡು ಸಲ ಹಾರ್ನ್ ಹೊಡೆದೇ ಮುಂದೆ ಹೋಗೋದು. ನಡ್ಕೊಂಡು ಹೋಗೋರು ತಗಡಿನ ಮೇಲೆ ಬೆರಳಲ್ಲಿ ತಟ್ಟಿ, "ಬರ್ತೀನಪ್ಪಾ" ಅಂತಾರೆ.

ಅಣ್ಣನೂ ತಟ್ಟಿದ. ಟಕ್ ಟಕ್.

ಗಿರಗಟ್ಟಲೆಗಳು ನಿಂತವು... ಎಲ್ಲಾ. ಒಟ್ಟಿಗೆ.

ಗಾಳಿ ನಿಂತಿರಲಿಲ್ಲ. ಅವನ ಕತ್ತಿನ ಹಿಂದೆ ತಣ್ಣಗೆ ಬೀಸ್ತಾನೇ ಇತ್ತು.

ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಂದ ಓಟ ಕಿತ್ತಿರೋರು. ನಮ್ಮಣ್ಣ ಟಾರ್ಚನ್ನ ಕೆಳಗೆ ಬಿಟ್ಟ. ತನ್ನದರ ಥರದ್ದೇ ವ್ಯಾನು. ಅದೇ ಎಂಬತ್ನಾಲ್ಕರ ಗಾಡಿ. ಬಗ್ಗಿ, ಹಿಂದಿನ ಚಕ್ರದ ಬೋಲ್ಟುಗಳನ್ನ ಬೆರಳಲ್ಲಿ ಮುಟ್ಟಿ ನೋಡಿದ. ಒಂದು, ಎರಡು, ಮೂರು, ನಾಲ್ಕು... ಐದು.

"ಭಯ ಆಗ್ಬೇಕಿತ್ತು ಕಣೇ," ಅಂತಾನೆ ಈಗ್ಲೂ. "ನನಗೆ ಆಸೆ ಆಯ್ತು."

ಆಮೇಲೆ ತನಗೆ ತಾನೇ ಥೂ ಅಂದ್ಕೊಂಡು ಮನೆಗೆ ಬಂದ. ಅಷ್ಟು ಮಾನ ಇನ್ನೂ ಇತ್ತು.

ಅವನಿಗೆ ತನ್ನ ವ್ಯಾನು ಓಡೋದು ಯಾಕೆ ಅಷ್ಟು ಬೇಕಿತ್ತು ಅಂತ ಹೇಳ್ಬೇಕು. ಆ ವರ್ಷ ನಮ್ಮ ಮರಳುಗಾಡು ಹೂಬಿಟ್ಟಿತ್ತು. ಆರೇಳು ವರ್ಷಕ್ಕೊಂದ್ಸಲ, ಚಳಿಗಾಲದಲ್ಲಿ ನಾಲ್ಕು ಹನಿ ಜಾಸ್ತಿ ಬಿದ್ರೆ ಬಿಡುತ್ತಲ್ಲ, ಅದು. ವಾಯೆನಾರ್ ಪಟ್ಟಣದಿಂದ ಕಡಲ ತನಕ ನೆಲ ಎಲ್ಲಾ ನೇರಳೆ. ಅಣ್ಣನ ಹೆಂಡತಿ ಎರ್ಸಿಲಿಯಾ ಅತ್ತಿಗೆಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ನೋಡೋದೇನಿದ್ರೂ ಈ ವರ್ಷ ನೋಡ್ಕೊಳ್ಳಮ್ಮ ಅಂದಿದ್ರು ಡಾಕ್ಟರು. ಅತ್ತಿಗೆ ಕೇಳಿದ್ದು ಒಂದೇ. ಹೂವಿನ ಮಧ್ಯೆ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಅದು ಬಿರಿಯೋದು ನೋಡ್ಬೇಕು.

ಮದುವೆ ಹೊಸದರಲ್ಲಿ ಅದಕ್ಕೇ ಅಂತ ತಗೊಂಡ ವ್ಯಾನು ಅದು. ಒಳಗೆ ಮಂಚ, ಒಲೆ, ಮಡಚೋ ಮೇಜು, ಅತ್ತಿಗೆ ಹೊಲಿದ ಪರದೆ. ಆದ್ರೆ ಪ್ರತಿ ಸಲ ಹೂಬಿಟ್ಟಾಗ್ಲೂ ಅಣ್ಣನಿಗೆ ಗಣಿ ಕೆಲಸ. ಮುಂದಿನ ಸಲ, ಮುಂದಿನ ಸಲ ಅಂತ ನಾಲ್ಕು ಸಲದ ಹೂವು ಬಾಡಿಹೋಗಿತ್ತು. ಈ ಸಲ ಬಿಟ್ರೆ ಇನ್ನಿಲ್ಲ.

ವ್ಯಾನನ್ನ ಊರಿಗೆ ಎಳೆಸ್ಕೊಂಡು ಬಂದು, ಬೇರೆ ಆಕ್ಸಲ್ಲಿಗೆ ನಿಯತ್ತಿಂದ ಹುಡುಕ್ದ, ಅದನ್ನ ಹೇಳ್ಬೇಕು. ವಾಯೆನಾರಿನ ಗುಜರಿಗಳೆಲ್ಲ ಆಯ್ತು. ಕೊಪಿಯಾಪೊಗೆ ಹೋದ, ಅಲ್ಲಿದ್ದಿದ್ದು ಆರು ಬೋಲ್ಟಿಂದು. ಸಾಂತಿಯಾಗೊದಿಂದ ಒಬ್ಬ ಲಾರೀಲಿ ಹಾಕಿ ಕಳಿಸಿದ. ಬಿಚ್ಚಿ ನೋಡಿದ್ರೆ ನಾಲ್ಕು ಬೆರಳು ಗಿಡ್ಡ, ಹಾಕಿದ್ರೆ ಚಕ್ರ ಒಳಗೆ ಉಜ್ಜುತ್ತೆ. ಮೆಕ್ಯಾನಿಕ್ ಕುಸ್ತೋದಿಯೊ ಟೇಪು ಹಿಡಿದು ಎರಡೆರಡು ಸಲ ಅಳೆದ.

"ಇದನ್ನ ನಿನ್ನ ಗಾಡಿಗೆ ಹಾಕೋದೂ ಒಂದೇ, ನನ್ನ ಪ್ಯಾಂಟು ನಮ್ಮಪ್ಪನಿಗೆ ಹಾಕೋದೂ ಒಂದೇ," ಅಂದ.

"ಬೇರೆ ಎಲ್ಲೂ ಇಲ್ವಾ ಮಾರಾಯ?"

"ಐದು ಬೋಲ್ಟಿಂದು ಈಗ ಎಲ್ಲಿಂದ ತರ್ಲಿ? ಈ ಸೀಮೇಲಿ ಬಂದಿದ್ದೇ ಎರಡು ಗಾಡಿ. ಒಂದು ನಿಂದು. ಇನ್ನೊಂದು..."

ಕುಸ್ತೋದಿಯೊ ಅಲ್ಲಿಗೆ ನಿಲ್ಲಿಸಿದ. ಟೇಪು ಸರ್ರ್ ಅಂತ ಒಳಗೆ ಹೋಯ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನೂ ನನ್ನ ಯಜಮಾನರೂ ಹೋಗಿ ಹೇಳಿದ್ವಿ. "ಅಣ್ಣಾ, ನಮ್ಮ ಪಿಕಪ್ಪಿದೆ. ಹಿಂದೆ ಹಾಸಿಗೆ ಹಾಕೋಣ, ತಾರ್ಪಾಲು ಕಟ್ಟೋಣ, ಅತ್ತಿಗೇನ ನಾಳೆನೇ ಕರ್ಕೊಂಡು ಹೋಗೋಣ."

"ನನ್ನ ಹೆಂಡ್ತೀನ ದನ ಸಾಗಿಸೋ ಗಾಡೀಲಿ ಕರ್ಕೊಂಡು ಹೋಗ್ಲಾ?" ಅಂದ. "ನಾನು ಮಾತು ಕೊಟ್ಟಿರೋದು ನಮ್ಮ ವ್ಯಾನಲ್ಲಿ."

ನೋಡಿ, ದಾರಿ ಇತ್ತು. ಇದನ್ನ ಅವನೇ ಒತ್ತಿ ಹೇಳ್ತಾನೆ. "ಬೇರೆ ದಾರಿ ಇರ್ಲಿಲ್ಲ ಅಂತ ಯಾರಾದ್ರೂ ನನ್ನ ಪರ ಮಾತಾಡಿದ್ರೆ ನಂಬಬೇಡಿ. ದಾರಿ ಇತ್ತು. ನನಗೆ ಜಂಬ ಇತ್ತು."

ಅಕ್ಟೋಬರ್ ಬಂತು. ತಗ್ಗಿನ ಹೂವು ಬಾಡೋಕೆ ಶುರುವಾಯ್ತು. ಒಂದು ಗುರುವಾರ ಸಂಜೆ ಅಣ್ಣ ಬಂದು, "ಪಿಕಪ್ಪು ಕೊಡಿ, ನೀರಿನ ಡ್ರಮ್ಮು ತರ್ಬೇಕು," ಅಂದ. ಕೀ ಕೊಟ್ಟಿದ್ದು ನಾನೇ.

ಮಂಜು ದಟ್ಟವಾಗಿತ್ತಂತೆ. ಕೈ ಚಾಚಿದ್ರೆ ಕೈ ಕಾಣದಷ್ಟು. ಲಾರಿಯವರು ಗುರುತು ಹಿಡೀಬಾರದು ಅಂತ ಟೋಪಿ ಹುಬ್ಬಿನ ತನಕ ಎಳೆದು, ಮೂಗಿನ ಮೇಲಿಂದ ಮಫ್ಲರ್ ಸುತ್ತಿದ್ದ. ಗುಡಿ ಹಿಂದೆ ಪಿಕಪ್ಪು ನಿಲ್ಲಿಸಿ, ಮೇಣದಬತ್ತಿ ಡಬ್ಬಿಗಳನ್ನ ಒಂದೊಂದಾಗಿ ಪಕ್ಕಕ್ಕಿಟ್ಟ. ಜಾಕು ಕೊಟ್ಟ. ಕೀಚ್... ಕೀಚ್... ಬಿಳಿ ವ್ಯಾನಿನ ಹಿಂಭಾಗ ಮೇಲೆದ್ದಿತು. ಕಲ್ಲು ಇಟ್ಟು, ಅಂಗಾತ ಮಲಗಿ ಒಳಗೆ ಸರಿದ.

ಮಳೆ ಕಾಣದ ನೆಲ. ತುಕ್ಕು ಅಷ್ಟಿರಲಿಲ್ಲ. ಆದ್ರೂ ಬೋಲ್ಟು ಜಗ್ಗಲಿಲ್ಲ. ಅರ್ಧ ಗಂಟೆ ಒದ್ದಾಡಿದ. ಸ್ಪ್ಯಾನರ್ ಜಾರಿ ತಗಡಿಗೆ ಬಡೀತು. ಡಂಗ್...

ಆಗ ಜಲ್ಲಿಕಲ್ಲಿನ ಮೇಲೆ ಹೆಜ್ಜೆ. ಚರಕ್... ಚರಕ್... ಚರಕ್... ಅವಸರ ಇಲ್ಲದ ಹೆಜ್ಜೆ. ವ್ಯಾನಿನ ಆ ಪಕ್ಕಕ್ಕೆ ಬಂದು ನಿಂತಿತು.

ಅಣ್ಣ ಟಾರ್ಚನ್ನ ನೆಲಕ್ಕೆ ಒತ್ತಿಹಿಡಿದ. ಉಸಿರು ಬಿಡಲಿಲ್ಲ.

"ಕೈ ಹಾಕ್ಲಾ?"

ಮೆಲ್ಲನೆ ದನಿ. ಪಿಸುಮಾತಲ್ಲ, ಮಲಗಿರೋರಿಗೆ ಎಚ್ಚರ ಆಗಬಾರದು ಅಂತ ಮಾತಾಡ್ತಾರಲ್ಲ, ಹಾಗೆ.

ಬೇಡ ಅಂದ್ರೆ ಯಾಕೆ ಅಂತ ಕೇಳ್ತಾನೆ. ಅಣ್ಣ ಮುಖ ಆ ಕಡೆ ತಿರುಗಿಸ್ಕೊಂಡು, "ಹೂಂ," ಅಂದ.

ಆ ಮನುಷ್ಯ ಆ ಪಕ್ಕದಿಂದ ಮಲಗಿ ಒಳಗೆ ಸರಿದ. ಟಾರ್ಚಿನ ಬೆಳಕಿಗೆ ಎರಡು ಕೈ ಮಾತ್ರ ಕಾಣ್ತಿತ್ತು.

"ಎಣ್ಣೆ ಬಿಟ್ಟು ಸ್ವಲ್ಪ ಬಿಡಿ. ತುಕ್ಕಲ್ಲ ಅದು, ಬಣ್ಣ ಹಿಡ್ಕೊಂಡಿದೆ."

ಬಿಟ್ಟ. ಬೋಲ್ಟು ಟಕ್ ಅಂತ ಸಡಿಲಾಯ್ತು.

"ಹ್ಯಾಂಡ್‌ಬ್ರೇಕ್ ಕೇಬಲ್ ಕೆಳಗಿಂದ ಬರಲ್ಲ. ಮೇಲೆ ಕೈ ಹಾಕಿ... ಇನ್ನೂ ಮೇಲೆ... ಅಲ್ಲೊಂದು ಕ್ಲಿಪ್ಪಿದೆ. ಇರಿ, ನಾನೇ ತೆಗೀತೀನಿ."

ಸ್ಸ್... ಅಂದ. ಕ್ಲಿಪ್ಪು ಹೆಬ್ಬೆರಳನ್ನ ಸೀಳಿತ್ತು. ಟಾರ್ಚಿನ ಬೆಳಕಲ್ಲಿ ರಕ್ತ ಕಪ್ಪಗೆ ಇಳೀತು. ಆ ಕೈ ಒಂದು ಚಿಂದಿ ಬಟ್ಟೆ ಸುತ್ತಿಕೊಂಡು ಮತ್ತೆ ಕೆಲಸಕ್ಕೆ ಬಂತು. ಏಟಾಯ್ತಾ ಅಂತ ಒಂದು ಮಾತು ಕೇಳಲಿಲ್ಲ ನಮ್ಮಣ್ಣ. ಮಾತಾಡಿದ್ರೆ ದನಿ ಗುರುತು ಸಿಗುತ್ತೆ ಅಂತ.

ಆಕ್ಸಲ್ ಕೆಳಗಿಳೀತು. ತೊಂಬತ್ತು ಕಿಲೋ ಮಾಲು. ಆ ತುದಿ ಅವನು, ಈ ತುದಿ ಇವನು. "ಎತ್ಲಾ? ಒಂದು, ಎರಡು..." ಅಣ್ಣನಿಗೆ ಹೂವಿನ ಬುಟ್ಟಿ ಎತ್ತಿದ ಹಾಗಾಯ್ತಂತೆ. ಪಿಕಪ್ಪಿಗೆ ಹಾಕಿದ್ರು. ಮಂಜಲ್ಲಿ ಆ ಕಡೆ ಒಂದು ನೆರಳು, ಅಷ್ಟೆ. ಅಣ್ಣ ತಲೆ ಎತ್ತಲೇ ಇಲ್ಲ.

"ಅಮ್ಮನ್ನ ಕೇಳಿದ್ರಾ?" ಅಂತು ದನಿ.

ಒದಿಲಿಯಾ ಅವರನ್ನ ಊರೆಲ್ಲ ಅಮ್ಮ ಅಂತಲೇ ಕರೆಯೋದು. ಅಣ್ಣ ಹೆಚ್ಚೇನೂ ಯೋಚನೆ ಮಾಡಲಿಲ್ಲ.

"ಹೂಂ. ಕೇಳ್ದೆ."

"ಏನಂದ್ರು?"

"ತಗೊಂಡ್ಹೋಗು ಅಂದ್ರು."

ಆ ಕಡೆಯಿಂದ ಒಂದು ಉಸಿರು. ಹಗುರಾದ ಉಸಿರು.

"ಹಂಗಾದ್ರೆ ಸರಿ."

ಅಣ್ಣ ಜಾಕು ಎಳ್ಕೊಂಡ. ಬಿಳಿ ವ್ಯಾನಿನ ಬೆನ್ನು ಧಪ್ ಅಂತ ನೆಲಕ್ಕೆ ಕೂತಿತು. ಒಂದು ನೀರಿನ ಬಾಟ್ಲಿ ಉರುಳಿ ಹೋಯ್ತು, ಗುಡುಗುಡು ಅಂತ, ಎತ್ತಲಿಲ್ಲ. ಥ್ಯಾಂಕ್ಸ್ ಹೇಳಲಿಲ್ಲ. ಊರ ತನಕ ಬಿಡ್ಲಾ ಅನ್ನಲಿಲ್ಲ. ಲೈಟು ಹಾಕದೆ ಹೊರಟುಬಿಟ್ಟ. ಯಾರೋ ರಸ್ತೆ ಕೆಲಸದವನು, ನಾಳೆ ಊರಲ್ಲಿ ಬಾಯಿಬಿಟ್ರೆ ಏನ್ಮಾಡೋದು... ದಾರಿ ಉದ್ದಕ್ಕೂ ಅದೇ ಹೆದರಿಕೆ. ಬೇರೆ ಯಾವ ಹೆದರಿಕೆಯೂ ಆಗಲಿಲ್ಲ ಅವನಿಗೆ.

ಮಾರನೆ ದಿನ ಕುಸ್ತೋದಿಯೊ ಗ್ಯಾರೇಜಲ್ಲಿ ಆಕ್ಸಲ್ ಇಳಿಸಿದ್ರು.

"ಎಲ್ಲಿ ಸಿಕ್ತು?"

"ಕೊಪಿಯಾಪೊ."

ಕುಸ್ತೋದಿಯೊ ಬಗ್ಗಿದ. ಆಕ್ಸಲ್ ತುಂಬ ಬಿಳಿ ಬಣ್ಣದ ಸಿಡಿ. ಬ್ರೇಕ್ ಡ್ರಮ್ಮಿಗೆ ಕೆಂಪು ರಿಬ್ಬನ್ನಿನ ಚೂರು ಸುತ್ತಿತ್ತು. ಅದನ್ನ ಬಿಡಿಸಿ, ಮಡಚಿ, ಕಿಟಕಿ ಮೇಲಿಟ್ಟ. ಹೊಸ ಬೇರಿಂಗು, ಹೊಸ ಸೀಲು ಹಾಕಿ ಸಂಜೆ ಹೊತ್ತಿಗೆ ಕೂರಿಸಿಕೊಟ್ಟ. ಕೈ ತೊಳೆದ. ಮತ್ತೆ ತೊಳೆದ. ಅಣ್ಣ ಜೇಬಿಗೆ ಕೈ ಹಾಕಿದ್ರೆ, "ಇದಕ್ಕೆ ನನಗೆ ಕೂಲಿ ಬೇಡ, ತಗೊಂಡು ನಡಿ," ಅಂದ.

ನನ್ನದೂ ಹೇಳಿಬಿಡ್ತೀನಿ. ನಮ್ಮ ಪಿಕಪ್ಪಿನ ಹಿಂದೆಯೂ ಬಿಳಿ ಬಣ್ಣದ ಪುಡಿ ಬಿದ್ದಿತ್ತು. ನೀರಿನ ಡ್ರಮ್ಮಿಂದ ಬಿಳಿ ಬಣ್ಣ ಉದುರಲ್ಲ ಅಂತ ನನಗೂ ಗೊತ್ತು. ಎರಡು ಬಕೆಟ್ ನೀರು ಹಾಕಿ ತೊಳೆದುಬಿಟ್ಟೆ. ಕೇಳಲಿಲ್ಲ.

ಶನಿವಾರ ಅತ್ತಿಗೇನ ಕರ್ಕೊಂಡು ಹೊರಟ. ಕತ್ತೆಬೆನ್ನು ತಿರುವು ಬೇಡ ಅಂತ ಸುತ್ತುದಾರಿ ಹಿಡಿದ. "ಯಾಕ್ರೀ, ಎವಾರಿಸ್ತೊಗೆ ಹಾರ್ನ್ ಹೊಡೀಬೇಕಿತ್ತು," ಅಂದ್ರು ಅತ್ತಿಗೆ. "ಆ ಕಡೆ ರಸ್ತೆ ಸರಿಯಿಲ್ಲ," ಅಂದ.

ಹೂವಿನ ಬಯಲಲ್ಲಿ ಅತ್ತಿಗೆ ಮಗು ಹಾಗಾದ್ರು. ಬಗ್ಗಿ ಬಗ್ಗಿ, ಮೂಗು ತಾಗೋಷ್ಟು ಹತ್ರ ಹೋಗಿ ನೋಡೋರು. "ಇದು ಕೆಂಪು ತಾನೆ? ಹೇಳಬೇಡಿ, ಹೇಳಬೇಡಿ. ಕಾಣುತ್ತೆ. ಕೆಂಪೇ." ಸಂಜೆ ಅಲ್ಲೇ ಒಲೆ ಹಚ್ಚಿ ಮೊಟ್ಟೆ ಹುರಿದ್ರು, ರೊಟ್ಟಿ ಬಿಸಿ ಮಾಡಿದ್ರು. "ಸಕ್ಕರೆ ಇಲ್ಲದ ಟೀನೂ ಇವತ್ತು ಸಿಹಿಯಾಗಿದೆ," ಅಂದ್ರಂತೆ. ಅಣ್ಣ ತನ್ನ ರೊಟ್ಟೀನ ಹಾಗೇ ಬಟ್ಟೇಲಿ ಸುತ್ತಿಟ್ಟ.

ರಾತ್ರಿ ಮಲಗಿದ್ರು. ಗಾಳಿಯಿಲ್ಲ, ಮಂಜಿಲ್ಲ. ಅಂಥಾ ಮೌನ...

ಟಕ್... ಟಕ್.

ಹಾಸಿಗೆ ಕೆಳಗಿಂದ. ವ್ಯಾನಿನ ತಳದಿಂದ. ಬೆರಳ ಗೆಣ್ಣಲ್ಲಿ ತಟ್ಟಿದ ಹಾಗೆ.

"ರೀ... ಯಾರೋ ಬಂದಿದಾರೆ."

"ಇಂಜಿನ್ ಆರ್ತಿದೆ ಕಣೆ. ಮಲಕ್ಕೊ."

"ಇಂಜಿನ್ ಇರೋದು ಮುಂದೆ."

ಟಕ್... ಟಕ್. ಆಮೇಲೆ ದನಿ. ಮೆಲ್ಲಗೆ, ಮಲಗಿರೋರಿಗೆ ಎಚ್ಚರ ಆಗಬಾರದು ಅನ್ನೋ ಹಾಗೆ.

"ಅಮ್ಮನ್ನ ಕೇಳಿದ್ರಾ?"

ಕಣ್ಣು ಹೋಗ್ತಾ ಬಂದವರಿಗೆ ಕಿವಿ ಚುರುಕು. ಅತ್ತಿಗೆ ಎದ್ದು ಕೂತ್ರು. "ಯಾವ ಅಮ್ಮನ್ನ?"

"ಗಾಳಿ ಕಣೆ..."

"ಗಾಳಿ ಅಮ್ಮನ್ನ ವಿಚಾರಿಸುತ್ತಾ?"

ಇನ್ನು ತಡ್ಕೊಳ್ಳೋಕೆ ಆಗಲಿಲ್ಲ ಅವನಿಗೆ. ಕತ್ತಲಲ್ಲೇ ಎಲ್ಲಾ ಹೇಳಿಬಿಟ್ಟ. ಬೋಲ್ಟು ಎಣಿಸಿದ್ದು, ಮಫ್ಲರ್ ಸುತ್ತಿದ್ದು, ಆ ಕೈಗಳು, ಹೇಳಿದ ಸುಳ್ಳು. ಹೇಳ್ತಾ ಹೇಳ್ತಾ ಅವನಿಗೂ ಗೊತ್ತಾಯ್ತು ಅವತ್ತು ಎದುರಿಗಿದ್ದದ್ದು ಯಾರು ಅಂತ. ಕೂದಲು ನಿಮಿರಿತಂತೆ. ಆದ್ರೆ ಅದಕ್ಕಿಂತ ಮುಂಚೆ ಕಿವಿ ಬಿಸಿಯಾಯ್ತು ಅಂತಾನೆ, ಸ್ಕೂಲಲ್ಲಿ ಮೇಷ್ಟ್ರು ಎಲ್ಲರ ಮುಂದೆ ನಿಲ್ಲಿಸಿದಾಗ ಆಗುತ್ತಲ್ಲ, ಹಾಗೆ.

ಅತ್ತಿಗೆ ಕಂಬಳಿ ಸರಿಸಿ ಅವನ ಕಡೆ ತಿರುಗಿದ್ರು.

"ನನ್ನ ಹೆಸರು ಹೇಳಿ ಕದ್ರಾ?" ಅಂದ್ರು.

ಬೆಳಗಾಯ್ತು. ಆ ಹೂವೆಲ್ಲ ಒಂದೊಂದಾಗಿ ಬಿರಿಯೋ ಹೊತ್ತು. ಮೂವತ್ತು ವರ್ಷ ಕಾದಿದ್ದ ಹೊತ್ತು. ಅತ್ತಿಗೆ ಮುಂದಿನ ಸೀಟಲ್ಲಿ ಕೂತು, ಇದ್ದ ಅಷ್ಟಿಷ್ಟು ಕಣ್ಣನ್ನೂ ಮುಚ್ಚಿಕೊಂಡಿದ್ರು.

"ನೋಡೇ ಒಂಚೂರು," ಅಂದ ಅಣ್ಣ.

"ಒದಿಲಿಯಾ ಅಮ್ಮನ ಮನೆಗೆ ನಡೀರಿ."

ಅಮ್ಮನ ಮನೆ ಹಳ್ಳದ ಪಕ್ಕ, ಅಂಜೂರದ ಮರದ ಕೆಳಗೆ. ಆಗ ಎಪ್ಪತ್ತೆಂಟು ವರ್ಷ ಅವರಿಗೆ. ವ್ಯಾನಿನ ಸದ್ದಿಗೆ ಬಾಗಿಲಿಗೆ ಬಂದು ನಿಂತಿದ್ರು. ವ್ಯಾನನ್ನ ನೋಡಿದ್ರು, ಹಿಂದಿನ ಚಕ್ರ ನೋಡಿದ್ರು. ಆಮೇಲೆ ಒಳಗೆ ಬನ್ನಿ ಅಂದ್ರು. ನಿಂತೇ ಹೇಳೋಣ ಅಂತಿದ್ದ ಅಣ್ಣ. ಬಿಡಲಿಲ್ಲ. ಕೂರಿಸಿದ್ರು, ಟೀ ಬಗ್ಗಿಸಿದ್ರು, ಮನೇಲಿ ಸುಟ್ಟ ರೊಟ್ಟಿ ಮುರಿದು ಬೆಣ್ಣೆ ಹಚ್ಚಿ ಕೈಗೆ ಕೊಟ್ರು. ಆ ರೊಟ್ಟಿ ಕೈಯಲ್ಲಿ ಹಿಡ್ಕೊಂಡೇ ಹೇಳಿದ. ಎಲ್ಲಾ.

"ಶುಕ್ರವಾರವೇ ಗೊತ್ತಾಯ್ತು," ಅಂದ್ರು ಅಮ್ಮ. "ಮೀನಿನ ಲಾರಿಯವನು ಬಂದು ಹೇಳ್ದ. ಎವಾರಿಸ್ತೊ ಗಾಡಿ ನೆಲಕ್ಕೆ ಕೂತಿದೆ ಅಂತ. ಬೇಕಿದ್ದವರು ಯಾರೋ ತಗೊಂಡಿದಾರೆ ಅಂದ್ಕೊಂಡೆ. ಕೇಳಿದ್ರೆ ಕೊಡ್ತಿದ್ದೆ ಕಣೋ ಮಗಾ. ಅವನೇನು ಯಾರಿಗಾದ್ರೂ ಇಲ್ಲ ಅಂದವನಾ? ದಾರೀಲಿ ಯಾರ ಗಾಡಿ ಕೆಟ್ಟು ನಿಂತಿದ್ರೂ ಊಟ ಬಿಟ್ಟು ಹೋಗೋನು."

ಅಣ್ಣ ತಲೆ ತಗ್ಗಿಸಿದ.

ಅಮ್ಮ ಸ್ಟೂಲು ಹತ್ತಿರ ಎಳ್ಕೊಂಡ್ರು. ದನಿ ಇಳಿಸಿ ಕೇಳಿದ್ರು.

"ಹೆಂಗಿದ್ದ?"

ಹಾಗಂತ ಅವನ ಮುಖದ ಹತ್ರ ಬಗ್ಗಿದ್ರು.

"ಹತ್ತೊಂಬತ್ತು ವರ್ಷ ಆಯ್ತು. ಒಂದು ಸೋಮವಾರ ತಪ್ಪಿಸಿಲ್ಲ ನಾನು. ನೀರಿಟ್ಟಿದೀನಿ, ದೀಪ ಹಚ್ಚಿದೀನಿ, ರಾತ್ರಿ ತನಕ ಕೂತಿದೀನಿ. ನನಗೆ ಒಂದ್ಸಲ ಕಾಣಿಸಿಲ್ಲ. ನಿನಗೆ ಕಂಡಿದಾನೆ. ಹೇಳು. ಸೊರಗಿದ್ನಾ? ಮುಖ ಹೆಂಗಿತ್ತು?"

ಅಣ್ಣ ಕೈಯಲ್ಲಿದ್ದ ರೊಟ್ಟಿ ಕಡೆ ನೋಡಿದ.

"ನೋಡಲಿಲ್ಲಮ್ಮ," ಅಂದ. "ನನ್ನ ಮುಖ ಅವನಿಗೆ ಕಾಣಬಾರದು ಅಂತ... ನಾನು ತಲೆ ಎತ್ತಲಿಲ್ಲ."

ಇದನ್ನ ಹೇಳೋವಾಗ ಅವನ ದನಿ ಈಗ್ಲೂ ಒಡೆಯುತ್ತೆ. ಪೂರ್ತಿ ಒಂದು ಗಂಟೆ ಮಾರು ದೂರದಲ್ಲಿ ಆ ಮುಖ ಇತ್ತು. ಕೈಯಲ್ಲಿ ಟಾರ್ಚಿತ್ತು.

"ಕೈ ನೋಡ್ದೆ," ಅಂದ. "ಬರೀ ಕೈ. ಹೆಬ್ಬೆರಳಿಗೆ ಚಿಂದಿ ಬಟ್ಟೆ ಸುತ್ತಿತ್ತು. ಕ್ಲಿಪ್ಪು ತಾಗಿ ಸೀಳಿತು..."

"ಇಲ್ಲವಲ್ಲ," ಅಂದ್ರು ಅಮ್ಮ. "ಕೈಗೆ ಏನೂ ಆಗಿರಲಿಲ್ಲ ಅವನಿಗೆ. ಮಣ್ಣಿಗೆ ಕೊಡೋ ಮುಂಚೆ ನಾನೇ ತೊಳೆದೆ ಆ ಕೈ. ಒಂದು ಗೀರು ಇರಲಿಲ್ಲ."

ಆಮೇಲೆ ಮೆಲ್ಲಗೆ ಅವರಿಗೇ ಹೊಳೀತು.

"ಅಂದ್ರೆ ಈಗ ಆಗಿರೋ ಗಾಯ," ಅಂದ್ರು. "ನಿನ್ನ ಕೆಲಸಕ್ಕೆ ಬಂದು ಆಗಿರೋದು... ತುಂಬಾ ರಕ್ತ ಬಂತಾ?"

ಅಣ್ಣ ಅಳೋಕೆ ಶುರುಮಾಡಿದ. ಐವತ್ತೇಳು ವರ್ಷದ ಗಂಡಸು, ಬೆಣ್ಣೆ ಹಚ್ಚಿದ ರೊಟ್ಟಿ ಹಿಡ್ಕೊಂಡು. ಅಮ್ಮ ಅಳಲಿಲ್ಲ. ಎದ್ದು ಹೋಗಿ ಹತ್ತಿ, ಸ್ಪಿರಿಟ್ಟು, ಒಂದು ಸುರುಳಿ ಬ್ಯಾಂಡೇಜು ಹುಡುಕಿ ಚೀಲಕ್ಕೆ ಹಾಕಿಟ್ರು, ಸೋಮವಾರಕ್ಕೆ.

"ನಾಳೆನೇ ಬಿಚ್ಚಿ ವಾಪಸ್ ತಂದು ಹಾಕ್ತೀನಮ್ಮ," ಅಂದ ಅಣ್ಣ.

"ಬೇಡ. ಅವನು ಕೈ ಕೊಯ್ಕೊಂಡು ಬಿಚ್ಚಿಕೊಟ್ಟಿದ್ದು. ನೀನು ವಾಪಸ್ ಹಾಕಿದ್ರೆ ಅವನ ಕೆಲಸ ನೀರುಪಾಲು. ಇಟ್ಕೋ. ಆದ್ರೆ ಎರಡು ಮಾತು. ಸೋಮವಾರ ಸೋಮವಾರ ನನ್ನನ್ನ ಈ ವ್ಯಾನಲ್ಲೇ ಅಲ್ಲಿಗೆ ಕರ್ಕೊಂಡು ಹೋಗು, ನನಗೆ ಮೊಳಕಾಲು ನೋವು. ಇನ್ನೊಂದು, ನೀನು ಮಾಡಿದ್ದನ್ನ ನಿನ್ನ ಬಾಯಿಂದಲೇ ಊರಿಗೆ ಹೇಳು. ಬೇರೆಯವರು ಹೇಳಿದ್ರೆ ಅದು ಚಾಡಿ ಆಗುತ್ತೆ."

ಹೇಳಿದ. ಊರ ಸಭೇಲಿ, ಐವತ್ತು ಜನರ ಮುಂದೆ ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತ. "ಆಕ್ಸಲ್ ಕಳ್ಳ!" ಅಂತ ಹಿಂದಿನ ಬೆಂಚಿಂದ ಯಾರೋ ಕೂಗಿದ್ರು. "ನಮ್ಮಪ್ಪನ ಸಮಾಧಿ ಕಲ್ಲೂ ಚೆನ್ನಾಗಿದೆ, ಬೇಕಿದ್ರೆ ತಗೊಂಡ್ಹೋಗೋ," ಅಂದ್ರು ಇನ್ನೊಬ್ಬರು. ನಕ್ರು ಜನ. ಆಗ ಮೂಲೇಲಿ ಕುಸ್ತೋದಿಯೊ ಎದ್ದು, "ಕೂರಿಸಿದ್ದು ನಾನು. ಬಣ್ಣ ನೋಡಿದ್ದೆ," ಅಂದ. ನಗು ನಿಂತಿತು. ನಾನೂ ಅಲ್ಲೇ ಕೂತಿದ್ದೆ. ಎರಡು ಬಕೆಟ್ ನೀರಿನ ವಿಷಯ ಬಾಯಿ ತನಕ ಬಂತು... ಏಳಲಿಲ್ಲ ನಾನು. ಇವತ್ತೇ ಮೊದಲು ಹೇಳ್ತಿರೋದು.

ಅತ್ತಿಗೆ ಮತ್ತೆ ಹೂ ನೋಡಲಿಲ್ಲ. ಆ ವರ್ಷದ್ದು ಬಾಡಿತು, ಮುಂದಿನದು ಬರೋದ್ರೊಳಗೆ ಕಣ್ಣು ಪೂರ್ತಿ ಹೋಯ್ತು. ಅಣ್ಣನ ಮೇಲೆ ಕೋಪ ಇದೆಯಾ ಅಂತ ನಾನು ಒಂದ್ಸಲ ಕೇಳಿದ್ದೆ. "ಕೋಪ ಇಲ್ಲ," ಅಂದ್ರು. "ಆದ್ರೆ ಆ ಕೆಂಪು ನೆನೆಸ್ಕೊಂಡಾಗೆಲ್ಲ ನಾಚಿಕೆ ಆಗುತ್ತೆ." ಸೋಮವಾರ ಅವರೂ ಹೋಗ್ತಾರೆ, ಒದಿಲಿಯಾ ಅಮ್ಮನ ಕೈ ಹಿಡ್ಕೊಂಡು. ಅಣ್ಣ ಈಗ ರಸ್ತೇಲಿ ಯಾರೇ ಸಿಕ್ಕಿದ್ರೂ ಮುಖ ದಿಟ್ಟಿಸಿ ನೋಡ್ತಾನೆ. ಪೆಟ್ರೋಲ್ ಹಾಕೋನು, ರೊಟ್ಟಿ ಮಾರೋಳು, ಯಾರೇ ಆಗ್ಲಿ. ಕೆಲವರು ಬೈದಿದ್ದೂ ಇದೆ.

ವ್ಯಾನಿನ ತಳದಲ್ಲಿ ಆಮೇಲೆ ಯಾವತ್ತೂ ಸದ್ದಾಗಲಿಲ್ಲ.

ಇನ್ನೊಂದು ಮಾತಿದೆ. ಹೋದ ವರ್ಷ ಗಾಡಿಗಳಿಗೆ ಮಾಡೋ ಸರ್ಕಾರಿ ಪರೀಕ್ಷೆಗೆ ವ್ಯಾನು ತಗೊಂಡು ಹೋಗಿದ್ದ. ಹಗಲು, ಹತ್ತು ಗಂಟೆ. ಅಣ್ಣ ಒಬ್ಬನೇ. ಹಿಂದಿನ ಚಕ್ರಗಳನ್ನ ತೂಕದ ರೋಲರ್ ಮೇಲೆ ನಿಲ್ಲಿಸಿದ್ರು. ಪರೀಕ್ಷೆ ಮಾಡೋನು ಗಾಜಿನಾಚೆ ಮೀಟರ್ ನೋಡಿ ಕೈ ಬೀಸಿದ.

"ಸ್ವಾಮಿ, ಖಾಲಿ ಗಾಡಿ ತೂಕ ಬೇಕು. ಹಿಂದೆ ಮಲಗಿರೋರನ್ನ ಇಳಿಸಿ."

ಅಣ್ಣ ತಿರುಗಿ ನೋಡಿದ. ಮಂಚ ಖಾಲಿ. ಕಂಬಳಿ ಮಡಚಿದ್ದು ಮಡಚಿದ ಹಾಗೇ ಇದೆ.

"ಇಳಿಸಲ್ಲ," ಅಂದ. "ಇದ್ದಷ್ಟು ಬರ್ಕೊಳ್ಳಿ."

ಬರ್ಕೊಟ್ಟಿದಾನೆ. ಹಿಂದಿನ ಎಡಗಡೆ, ಅರವತ್ತೆಂಟು ಕಿಲೋ ಹೆಚ್ಚು ಅಂತ. ಸಹಿ ಇದೆ, ಮೊಹರಿದೆ. ನನ್ನ ಕೈಯಲ್ಲಿ ಹಿಡಿದು ಓದಿದೀನಿ.